ಕೆಲಸಕ್ಕೆ ಬೇಕಾದಷ್ಟು ಸ್ಪ್ಯಾನಿಷ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸ್ಪ್ಯಾನಿಷ್ ಬಗ್ಗೆ ಕೇಳಿದವರೇ ಜಾಸ್ತಿ. ನರ್ಸ್‌ಗಳು, ಸೋಷಿಯಲ್ ವರ್ಕರ್‌ಗಳು, ಶಾಲೆಯ ಆಫೀಸಿನಲ್ಲಿ ಇರುವವರು, ಕಟ್ಟಡದ ಕೆಲಸ ನೋಡಿಕೊಳ್ಳುವವರು ಬರೆದಿದ್ದಾರೆ. ಯಾರಿಗೂ ಸಾಹಿತ್ಯ ಓದುವ ಆಸೆಯಿಲ್ಲ, ಎದುರಿಗೆ ಕೂತವರ ಜೊತೆ ನಾಲ್ಕು ಮಾತಾಡಿ ಕೆಲಸ ಸರಿಯಾಗಿ ಆಗಬೇಕು, ಅಷ್ಟೇ. ಆದ್ದರಿಂದ ಪೂರ್ತಿ ಅಂಕಣ ಅದಕ್ಕೇ ಇಟ್ಟಿದ್ದೇವೆ. ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಗಟ್ಟಿಯಾಗಿ ಓದಿ.

ಪ್ರಶ್ನೆ: ನಾನು ಅಮೆರಿಕದಲ್ಲಿ ನರ್ಸ್. ವಾರ್ಡಿಗೆ ಬರುವವರಲ್ಲಿ ತುಂಬಾ ಜನರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ. ಹುಡುಗ ಸೇಬು ತಿನ್ನುತ್ತಾನೆ ಅಂತ ಹೇಳಲು ಬರುತ್ತದೆ, ಎಲ್ಲಿ ನೋವು ಅಂತ ಕೇಳಲು ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ ಮೇಡಂ?

ಆ್ಯಪ್ ಇರಲಿ, ಕಿವಿಗೆ ಒಳ್ಳೆಯದು. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನು ಅದು ತೀರ್ಮಾನ ಮಾಡುವುದು ಬೇಡ. ಒಂದು ಶಿಫ್ಟ್ ಪೂರ್ತಿ ಜೇಬಿನಲ್ಲಿ ಚೀಟಿ ಇಟ್ಟುಕೊಂಡು, ರೋಗಿಗಳಿಗೆ ನೀವು ಇಂಗ್ಲಿಷಿನಲ್ಲಿ ಏನೇನು ಹೇಳುತ್ತೀರಿ ಅಂತ ಬರೆದುಕೊಳ್ಳಿ. ಪದ ಅಲ್ಲ, ಇಡೀ ವಾಕ್ಯ. ಸಂಜೆ ನೋಡಿದರೆ ಅವೇ ಅವೇ ಮಾತು ತಿರುಗಿ ತಿರುಗಿ ಬಂದಿರುತ್ತವೆ. ಬಿಪಿ ನೋಡುತ್ತೇನೆ, ಉಸಿರು ಎಳೆದುಕೊಳ್ಳಿ, ಇಲ್ಲಿ ನೋವಿದೆಯಾ, ಏನಾದರೂ ಅಲರ್ಜಿ ಇದೆಯಾ. ಆ ಚೀಟಿಯೇ ನಿಮ್ಮ ಪಠ್ಯಪುಸ್ತಕ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಕಲಿಯುತ್ತೀರಿ. "ದೋಂದೆ ಲೆ ದುವೇಲೆ?", ಅಂದರೆ ಎಲ್ಲಿ ನೋಯುತ್ತಿದೆ ಅಂತ ಸೊಗಸಾಗಿ ಕೇಳುತ್ತೀರಿ. ಅಬ್ಬಾ, ಇವರಿಗೆ ನಮ್ಮ ಭಾಷೆ ಬರುತ್ತದೆ ಅಂದುಕೊಂಡು ರೋಗಿ ಒಂದೇ ಉಸಿರಿಗೆ ಇಡೀ ಕಥೆ ಹೇಳಿಬಿಡುತ್ತಾರೆ. ನಿಮಗೆ ಒಂದು ಅಕ್ಷರವೂ ಹತ್ತುವುದಿಲ್ಲ. ಹಾಗಾಗಿ ನನ್ನ ಸಲಹೆ ಒಂದೇ: ಯಾವ ಪ್ರಶ್ನೆಯ ಉತ್ತರ ನಿಮಗೆ ಅರ್ಥವಾಗುತ್ತದೋ ಆ ಪ್ರಶ್ನೆಯನ್ನೇ ಮೊದಲು ಕಲಿಯಿರಿ. ಬೆರಳಲ್ಲಿ ತೋರಿಸಬಹುದಾದ ಉತ್ತರ, ಹೌದು ಅಥವಾ ಇಲ್ಲ ಅನ್ನುವ ಉತ್ತರ, ಅಂಕಿಯ ಉತ್ತರ. ಸದ್ಯಕ್ಕೆ ಈ ಮೂರೇ ಸಾಕು.

ಹೇಗೆ ಅಂತ ನೋಡಿ. "ದೋಂದೆ ಲೆ ದುವೇಲೆ?" ಅಂದ ತಕ್ಷಣ, ಅವರು ಬಾಯಿ ತೆರೆಯುವ ಮೊದಲೇ "ಸೆಞಾಲೆ ಕೊನ್ ಎಲ್ ದೇದೊ" ಅನ್ನಿ, ಬೆರಳಿಟ್ಟು ತೋರಿಸಿ ಅಂತ. ಅವರು ತೋರಿಸಿದ ಜಾಗ ಮುಟ್ಟಿ "ಲೆ ದುವೇಲೆ ಅಕೀ?", ಇಲ್ಲಿ ನೋಯುತ್ತಾ? ಉತ್ತರ "ಸೀ" ಅಥವಾ "ನೋ". ಆಮೇಲೆ "ದೆಲ್ ಸೇರೊ ಅಲ್ ದ್ಯೇಸ್", ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಯಾವಾಗಿನಿಂದ ಅಂತ ಸುಮ್ನೆ ಕೇಳಿದರೆ ಮತ್ತೆ ಕಥೆ ಶುರುವಾಗುತ್ತದೆ. ಅದರ ಬದಲು ಆಯ್ಕೆ ಕೊಡಿ: "ದೆಸ್ದೆ ಒಯ್? ದೆಸ್ದೆ ಅಯೇರ್?", ಇವತ್ತಿನಿಂದಲಾ, ನಿನ್ನೆಯಿಂದಲಾ? ಅಲರ್ಜಿಗೆ "ತ್ಯೇನೆ ಅಲೆರ್ಹೀಯಾಸ್?" ಸಾಕು. ಅವರು ಸೀ ಅಂದರೆ ಅಲ್ಲಿಗೆ ನಿಮ್ಮ ಸ್ಪ್ಯಾನಿಷ್ ನಿಲ್ಲಿಸಿ, ಮಾತನ್ನು ಭಾಷಾಂತರಿಸಿ ಹೇಳುವ ಇಂಟರ್‌ಪ್ರಿಟರ್‌ಗೆ ಫೋನ್ ಮಾಡಿ. ಯಾವ ಔಷಧಿ, ಏನಾಗಿತ್ತು ಅನ್ನುವುದನ್ನೆಲ್ಲ ಅರ್ಧಂಬರ್ಧ ಕೇಳಿಸಿಕೊಳ್ಳಬಾರದು.

ಅಂಕಿಗಳ ವಿಷಯದಲ್ಲಿ ಹುಷಾರು. 60 "ಸೆಸೆಂತಾ", 70 "ಸೆತೆಂತಾ". 2 "ದೋಸ್", 12 "ದೋಸೆ". 3 "ತ್ರೇಸ್", 13 "ತ್ರೇಸೆ". ಮಾಸ್ಕ್ ಹಾಕಿಕೊಂಡು ಗದ್ದಲದ ವಾರ್ಡಿನಲ್ಲಿ ಕೇಳಿದರೆ ಎರಡೂ ಒಂದೇ ಥರ. ಕೈಗೆ ಪೆನ್ನು ಕೊಟ್ಟು "ಎಸ್ಕ್ರೀಬಲೊ, ಪೊರ್ ಫಬೋರ್", ಬರೆಯಿರಿ ಅನ್ನಿ. ಔಷಧಿಯ ಡೋಸ್ ಮಾತ್ರ ಬಾಯಿಮಾತಲ್ಲೇ ಮುಗಿಸಬೇಡಿ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು, "ಬೊಯ್ ಆ". ಈಗ ನಾನು ಇಂಥದ್ದು ಮಾಡುತ್ತೇನೆ ಅನ್ನಲು ಇದರ ಮುಂದೆ ಕ್ರಿಯಾಪದ ಸೇರಿಸಿದರೆ ಆಯಿತು, ಕಾಲ, ಪ್ರತ್ಯಯ ಯಾವ ತಲೆನೋವೂ ಇಲ್ಲ. "ಬೊಯ್ ಆ ತೊಮಾರ್ಲೆ ಲಾ ಪ್ರೆಸ್ಯೋನ್", ಬಿಪಿ ನೋಡುತ್ತೇನೆ. "ಬೊಯ್ ಆ ಪೊನೇರ್ಲೆ ಊನಾ ಇನ್ಯೆಕ್ಸ್ಯೋನ್", ಇಂಜೆಕ್ಷನ್ ಕೊಡುತ್ತೇನೆ. ಮೈ ಮುಟ್ಟುವ ಮೊದಲು ಏನು ಮಾಡುತ್ತೇವೆ ಅಂತ ರೋಗಿಯ ಭಾಷೆಯಲ್ಲಿ ಹೇಳಿದರೆ ಅವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಭಾಷೆ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಯಾರೋ ಬಂದು ಸೂಜಿ ಹಿಡಿದು ನಿಂತರೆ ನಮಗಾದರೂ ಹೇಗಿರುತ್ತದೆ ಯೋಚಿಸಿ.

ಎಷ್ಟು ಸಮಯ ಬೇಕು ಅಂತಲೂ ನೀವು ಕೇಳಿದ್ದಿರಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಮಾತಾಡುವವರಿಗೆ ಬೇಗ ಬರುವ ಭಾಷೆಗಳ ಗುಂಪಿನಲ್ಲಿ ಅವರು ಸ್ಪ್ಯಾನಿಷ್ ಇಟ್ಟಿದ್ದಾರೆ, ಆದರೂ ವೃತ್ತಿ ಮಟ್ಟಕ್ಕೆ ಬರಲು ನೂರಾರು ಗಂಟೆ ತರಗತಿ ಬೇಕು ಅನ್ನುತ್ತಾರೆ. ಆ ಲೆಕ್ಕ ನೋಡಿ ಹೆದರಬೇಡಿ. ಅದು ರಾಜಕೀಯದಿಂದ ಹಿಡಿದು ಎಲ್ಲವನ್ನೂ ಚರ್ಚಿಸಬಲ್ಲವರ ಲೆಕ್ಕ. ನಿಮಗೆ ಬೇಕಿರುವುದು ಒಂದು ಹಾಸಿಗೆಯ ಪಕ್ಕದ ಮಾತು.

ಪ್ರಶ್ನೆ: ಕನ್ನಡ ಮಾತೃಭಾಷೆಯವರಿಗೆ ಸ್ಪ್ಯಾನಿಷ್ ಕಷ್ಟವಾ? ವ್ಯಾಕರಣ ನೋಡಿದರೆ ಭಯವಾಗುತ್ತದೆ.

ಇಂಗ್ಲಿಷ್ ಮೂಲಕ ಕಲಿತರೆ ಕಷ್ಟ ಜಾಸ್ತಿ, ಕನ್ನಡದ ಮೂಲಕ ಕಲಿತರೆ ಕಡಿಮೆ. "ಮೆ ದುವೇಲೆ ಲಾ ಕಬೇಸಾ" ಅನ್ನುವ ವಾಕ್ಯವನ್ನೇ ತೆಗೆದುಕೊಳ್ಳಿ. ಮೆ ಅಂದರೆ ನನಗೆ, ದುವೇಲೆ ಅಂದರೆ ನೋಯುತ್ತದೆ, ಲಾ ಕಬೇಸಾ ಅಂದರೆ ತಲೆ. ನನಗೆ ತಲೆ ನೋಯುತ್ತದೆ! ಇಂಗ್ಲಿಷಿನವರಿಗೆ ಇದನ್ನು ಒಂದು ಇಡೀ ಪಾಠವಾಗಿ ಕಲಿಸಬೇಕಾಗುತ್ತದೆ, ನಮಗೆ ಅದು ಹುಟ್ಟಿನಿಂದ ಬಂದ ರೀತಿ. "ಮೆ ಗುಸ್ತಾ", ನನಗೆ ಇಷ್ಟ, ಅದೂ ಹಾಗೇ. ಕ್ರಿಯಾಪದದ ಕೊನೆಯಲ್ಲೇ ಯಾರು ಅನ್ನುವುದು ಗೊತ್ತಾಗುವುದರಿಂದ ನಾನು, ನೀವು ಅಂತ ಪ್ರತಿ ಸಲ ಹೇಳಬೇಕಿಲ್ಲ. ಬರುತ್ತೇನೆ ಅಂದರೆ ಸಾಕಲ್ವಾ, ಹಾಗೆ.

ಉಚ್ಚಾರಣೆಯಲ್ಲೂ ಅರ್ಧ ದಾರಿ ಆಗಲೇ ಬಂದಿದ್ದೀರಿ. ಅವರದ್ದು ನಮ್ಮ ತ, ದ. ಇಂಗ್ಲಿಷಿನ ಟ, ಡ ಅಲ್ಲ. ಞ ನಮಗೆ ಮೊದಲೇ ಗೊತ್ತು. ಅದಕ್ಕೇ ನೋಟ್ ಮಾಡಿಕೊಳ್ಳುವಾಗ ಕನ್ನಡ ಅಕ್ಷರದಲ್ಲೇ ಬರೆಯಿರಿ ಅನ್ನುತ್ತೇನೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ನಾಲಿಗೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ, ಒಸ್ಪಿತಾಲ್ ಅನ್ನಬೇಕಾದ ಕಡೆ ಹಾಸ್ಪಿಟಲ್ ಬರುತ್ತದೆ. ಕಷ್ಟವಾಗುವುದು ಎರಡು. ಒಂದು, ಗಂಟಲಿಂದ ಬರುವ ಹ. ಇನ್ನೊಂದು, ನಾಲಿಗೆ ಅದುರಿಸಿ ಹೇಳುವ ಗಡುಸು ರ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಹಳಗನ್ನಡದ ಱ ಬಳಸಿ, ಮಾಮೂಲಿ ರ ಜೊತೆ ಬೆರೆಯುವುದಿಲ್ಲ.

ವಸ್ತುಗಳಿಗೂ ಗಂಡು, ಹೆಣ್ಣು ಅನ್ನುವ ಲಿಂಗ ಇರುವುದು ಮಾತ್ರ ನಮಗೆ ಹೊಸದು. ಕೈ ಸ್ತ್ರೀಲಿಂಗ, ಬೆರಳು ಪುಲ್ಲಿಂಗ, ಕಾರಣ ಕೇಳುವ ಹಾಗಿಲ್ಲ. ಪದ ಕಲಿಯುವಾಗಲೇ "ಲಾ ಮಾನೊ", "ಎಲ್ ದೇದೊ" ಅಂತ ಜೊತೆಯಾಗಿ ಕಲಿಯಿರಿ. ತಪ್ಪಿದರೆ? ಏನೂ ಆಗುವುದಿಲ್ಲ, ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಸ್ಪ್ಯಾನಿಷ್‌ನಲ್ಲೂ ನೀನು, ನೀವು ಇದೆಯಂತೆ. ಯಾವುದು ಬಳಸಲಿ?

ಕೆಲಸದ ಜಾಗದಲ್ಲಿ ದೊಡ್ಡವರಿಗೆಲ್ಲ "ಉಸ್ತೇದ್", ಅಂದರೆ ನೀವು. ಪುಟ್ಟ ಮಕ್ಕಳಿಗೆ "ತೂ". ಉಸಿರೆಳೆದುಕೊಳ್ಳಿ ಅನ್ನಲು "ರೆಸ್ಪೀರೆ", ಮಗುವಿಗಾದರೆ "ರೆಸ್ಪೀರಾ". ಅವರಾಗಿ ತೂ ಅನ್ನಿ ಅಂದರೆ ಅನ್ನಬಹುದು. ಅರ್ಜೆಂಟೀನಾದಲ್ಲಿ ತೂ ಬದಲು "ಬೋಸ್" ಕೇಳಿಸುತ್ತದೆ, ಕೊಲಂಬಿಯಾದ ಎಷ್ಟೋ ಮನೆಗಳಲ್ಲಿ ಮನೆಯವರೇ ಒಬ್ಬರಿಗೊಬ್ಬರು ಉಸ್ತೇದ್ ಅನ್ನುತ್ತಾರೆ. ಅದೆಲ್ಲ ಕೇಳಿಸಿಕೊಂಡು ಗೊತ್ತು ಮಾಡಿಕೊಳ್ಳಿ, ನೀವು ಉಸ್ತೇದ್ ಬಿಡಬೇಡಿ.

ಪ್ರಶ್ನೆ: ನಾನು ಅಮೆರಿಕದಲ್ಲಿ ಸೋಷಿಯಲ್ ವರ್ಕರ್. ಕ್ಲಿನಿಕ್‌ಗೆ ತಾಯಂದಿರು ಬಂದಾಗ ಅವರ ಹತ್ತು ಹನ್ನೆರಡು ವರ್ಷದ ಮಕ್ಕಳೇ ಅಮ್ಮನ ಮಾತನ್ನು ಇಂಗ್ಲಿಷಿಗೆ ಹೇಳುತ್ತಾರೆ. ಇಂಟರ್‌ಪ್ರಿಟರ್‌ಗೆ ಕಾಯುವುದಕ್ಕಿಂತ ನಾನೇ ಸ್ಪ್ಯಾನಿಷ್ ಕಲಿತು ಮಾತಾಡಿದರೆ ಒಳ್ಳೆಯದಲ್ವಾ?

ಕಲಿಯಿರಿ, ಖಂಡಿತ ಕಲಿಯಿರಿ. ಆದರೆ ಇಂಟರ್‌ಪ್ರಿಟರ್ ಬೇಡವಾಗಲಿ ಅಂತ ಕಲಿಯಬೇಡಿ.

ಮೊದಲು ಮಕ್ಕಳ ವಿಷಯ. ಅಮ್ಮನಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆಯಾ, ಅವರಿಗೆ ಸಾಯಬೇಕು ಅನ್ನಿಸುತ್ತಿದೆಯಾ, ಗರ್ಭ ನಿಂತಿದೆಯಾ, ಇದನ್ನೆಲ್ಲ ಹತ್ತು ವರ್ಷದ ಮಗುವಿನ ಬಾಯಲ್ಲಿ ಕೇಳಿಸಬೇಕಾ? ತಾಯಿ ನಿಜ ಹೇಳುವುದಿಲ್ಲ. ಹೇಳಿದರೆ ಆ ಮಗು ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕು. ಕಾನೂನೂ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಆರೋಗ್ಯ ಸೇವೆಯ ಕಾನೂನಾದ 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಕೆಳಗಿನ ನಿಯಮಗಳ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಅರ್ಹ ಇಂಟರ್‌ಪ್ರಿಟರ್‌ನ್ನು ರೋಗಿಗೆ ಉಚಿತವಾಗಿ ಒದಗಿಸಬೇಕು. ಜೀವಕ್ಕೆ ಅಪಾಯ ಇರುವ ತುರ್ತು ಹೊತ್ತು, ಇಂಟರ್‌ಪ್ರಿಟರ್ ತಕ್ಷಣ ಸಿಗುತ್ತಿಲ್ಲ ಅಂತಿದ್ದರೆ ಬಿಟ್ಟು, ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳುವ ಹಾಗಿಲ್ಲ. ನಿಮ್ಮ ಕ್ಲಿನಿಕ್‌ನಲ್ಲಿ ಇದು ನಡೆಯುತ್ತಿದ್ದರೆ ಮೇಲಿನವರ ಹತ್ತಿರ ಕೂತು ಮಾತಾಡಿ. ಫೋನ್ ಅಥವಾ ವಿಡಿಯೋದಲ್ಲಿ ಇಂಟರ್‌ಪ್ರಿಟರ್ ಸಿಗುತ್ತಾರೆ, ಹತ್ತು ನಿಮಿಷ ಕಾಯುವುದು ದೊಡ್ಡದಲ್ಲ.

ಈಗ ನಿಮ್ಮ ವಿಷಯ. ಸ್ವಲ್ಪ ಭಾಷೆ ಬಂದಾಗ ಇರುವ ಅಪಾಯ, ಏನೂ ಬಾರದಾಗ ಇರುವುದಿಲ್ಲ. 1980ರಲ್ಲಿ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ತಿಂದದ್ದು ಮೈಗೆ ಒಗ್ಗಿಲ್ಲ ಅನ್ನುವ ಅರ್ಥದಲ್ಲಿ ಮನೆಯವರು ಒಂದು ಮಾತು ಹೇಳಿದರು, ಡಾಕ್ಟರರಿಗೆ ಅದು ಡ್ರಗ್ಸ್ ತೆಗೆದುಕೊಂಡಿದ್ದಾನೆ ಅಂತ ಮುಟ್ಟಿತು. ನಿಜವಾಗಿ ಮೆದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ತಡವಾಗಿ ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಅಲ್ಲಿ ಇಂಟರ್‌ಪ್ರಿಟರ್ ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಎಲ್ಲರೂ ತಮಗೆ ಅರ್ಥವಾಗಿದೆ ಅಂದುಕೊಂಡಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ.

ಹಾಗಾದರೆ ನಿಮ್ಮ ಸ್ಪ್ಯಾನಿಷ್ ಯಾವುದಕ್ಕೆ? ಇಂಟರ್‌ಪ್ರಿಟರ್ ಬರುವ ಮೊದಲಿನ ಮತ್ತು ಹೋದಮೇಲಿನ ಹೊತ್ತಿಗೆ. ಬಾಗಿಲಲ್ಲಿ "ಬ್ವೇನೋಸ್ ದೀಯಾಸ್, ಸೆಞೋರಾ, ಪಾಸೆ" ಅಂತ ಒಳಗೆ ಕರೆಯಲಿಕ್ಕೆ. "ಆಬ್ಲೊ ಪೋಕೊ ಎಸ್ಪಞೋಲ್. ಬೊಯ್ ಆ ಯಮಾರ್ ಅಲ್ ಇಂತೇರ್ಪ್ರೆತೆ", ನನಗೆ ಸ್ವಲ್ಪವೇ ಬರುತ್ತದೆ, ಇಂಟರ್‌ಪ್ರಿಟರ್‌ನ್ನು ಕರೆಯುತ್ತೇನೆ ಅನ್ನಲಿಕ್ಕೆ. ಈ ಒಂದು ಮಾತು ಬಾಯಿಪಾಠ ಇರಲೇಬೇಕು. ಇಂಟರ್‌ಪ್ರಿಟರ್ ಇರುವಾಗಲೂ ನೋಟ ತಾಯಿಯ ಕಡೆಗಿರಲಿ, "ಅವರನ್ನು ಕೇಳಿ" ಅನ್ನದೆ ನೇರವಾಗಿ ಅವರಿಗೇ ಹೇಳಿ, ಒಂದೆರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ನಿಮ್ಮ ಕಿವಿ ಪಳಗಿದ ಮೇಲೆ ಇನ್ನೊಂದು ಲಾಭ ಇದೆ: ತಾಯಿ ಎರಡು ನಿಮಿಷ ಹೇಳಿದ್ದು ನಿಮಗೆ ಒಂದು ಸಾಲಾಗಿ ಬಂದರೆ, ಏನೋ ಬಿಟ್ಟುಹೋಯಿತು ಅಂತ ಗೊತ್ತಾಗಿ ಮತ್ತೆ ಕೇಳುತ್ತೀರಿ.

ಪ್ರಶ್ನೆ: ನಾನು ಕಟ್ಟಡದ ಸೈಟ್‌ನಲ್ಲಿ ಸೂಪರ್‌ವೈಸರ್. ಏನು ಹೇಳಿದರೂ ಕೆಲಸದವರು "ಸೀ, ಸೀ" ಅನ್ನುತ್ತಾರೆ, ಆಮೇಲೆ ಬೇರೆಯೇ ಮಾಡಿರುತ್ತಾರೆ.

ಅರ್ಥವಾಯಿತಾ ಅಂತ ಕೇಳಿದರೆ ಯಾವ ಭಾಷೆಯವರೂ ಹೌದು ಅಂತಲೇ ಅನ್ನುತ್ತಾರೆ ಸರ್. ಇಲ್ಲ ಅಂದರೆ ಕೆಲಸ ಹೋದೀತು ಅನ್ನುವ ಹೆದರಿಕೆ. ಆ ಪ್ರಶ್ನೆಯನ್ನೇ ಬಿಟ್ಟು "ಮ್ವೇಸ್ತ್ರೆಮೆ ಕೋಮೊ", ಹೇಗೆ ಅಂತ ತೋರಿಸಿ ಅನ್ನಿ. ಬೆಲ್ಟ್ ಹೇಗೆ ಕಟ್ಟಿಕೊಳ್ಳುತ್ತೀರಿ ತೋರಿಸಿ, ಏಣಿ ಹೇಗೆ ನಿಲ್ಲಿಸುತ್ತೀರಿ ತೋರಿಸಿ. ನರ್ಸ್‌ಗಳಿಗೂ ಇದೇ ಮಾತು, ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳುತ್ತೀರಿ ಅಂತ ಮಾಡಿಸಿ ನೋಡಿ. "ಕ್ವಿದಾದೊ" ಹುಷಾರು, "ಪಾರೆ" ನಿಲ್ಲಿಸಿ, "ಕಾಸ್ಕೊ" ಹೆಲ್ಮೆಟ್, "ಎಸ್ಕಲೇರಾ" ಏಣಿ, "ಅರ್ನೇಸ್" ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟ್. ಈ ಐದು ಮಾತು ಯೋಚನೆ ಮಾಡದೆ ಬಾಯಿಗೆ ಬರಬೇಕು. ಅಮೆರಿಕದಲ್ಲಾದರೆ ಸುರಕ್ಷತೆಯ ತರಬೇತಿಯನ್ನು ಕೆಲಸದವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಓಶಾ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಕಂಪನಿಯಲ್ಲಿ ಅದು ನಡೆಯುತ್ತಿದೆಯಾ ನೋಡಿ. ಅದು ನೀವು ಕಲಿತ ನಾಲ್ಕು ಪದದಿಂದ ಆಗುವ ಕೆಲಸವಲ್ಲ.

ಪ್ರಶ್ನೆ: ಶಾಲೆಯ ಆಫೀಸಿನಲ್ಲಿ ಕೆಲಸ. ಪೋಷಕರ ಜೊತೆ ಫೋನಿನಲ್ಲಿ ಮಾತಾಡುವುದೇ ಕಷ್ಟ. ಮಕ್ಕಳ ಹೆಸರು ಬರೆದುಕೊಳ್ಳುವಾಗಲೂ ಗೊಂದಲ.

ಫೋನಿನಲ್ಲಿ ಮುಖ ಕಾಣುವುದಿಲ್ಲ, ಕೈಸನ್ನೆ ಇಲ್ಲ, ಹಾಗಾಗಿ ಅದು ಎಲ್ಲರಿಗೂ ಕಷ್ಟ. ಆದರೆ ಒಂದು ವಾಕ್ಯ ಇವತ್ತೇ ಕಲಿಯಿರಿ: "ಸು ಈಹೊ ಎಸ್ತಾ ಬ್ಯೇನ್", ನಿಮ್ಮ ಮಗ ಚೆನ್ನಾಗಿದ್ದಾನೆ. ಮಗಳಾದರೆ "ಸು ಈಹಾ". ಶಾಲೆಯಿಂದ ಫೋನ್ ಬಂದರೆ ಯಾವ ತಾಯಿಯ ಎದೆಯೂ ಧಸಕ್ ಅನ್ನುತ್ತದೆ. ನಮಸ್ಕಾರ ಆದಮೇಲೆ ಮೊದಲ ಮಾತು ಇದೇ ಇರಲಿ, ಫೀಸು, ಫಾರಂ ಎಲ್ಲ ಆಮೇಲೆ. ನಿಜಕ್ಕೂ ಪೆಟ್ಟಾಗಿದ್ದರೆ ಮಾತ್ರ ಈ ವಾಕ್ಯ ಬೇಡ, ಇಂಟರ್‌ಪ್ರಿಟರ್‌ನ್ನು ಲೈನಿಗೆ ತೆಗೆದುಕೊಂಡೇ ಮಾತಾಡಿ.

ಹೆಸರಿನ ಗೊಂದಲಕ್ಕೆ ಕಾರಣ ಇದೆ. ಸ್ಪ್ಯಾನಿಷ್ ಮಾತಾಡುವ ಬಹುತೇಕ ದೇಶಗಳಲ್ಲಿ ಎರಡು ಮನೆತನದ ಹೆಸರು ಇಡುತ್ತಾರೆ, ಸಾಮಾನ್ಯವಾಗಿ ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಮರೀಯಾ ಗಾರ್ಸೀಯಾ ಲೋಪೆಸ್ ಅಂದರೆ ಅವರನ್ನು ಗುರುತಿಸುವುದು ಗಾರ್ಸೀಯಾ ಅಂತ. ನಾವು ಕೊನೆಯ ಹೆಸರು ನೋಡಿ ಲೋಪೆಸ್ ಕೆಳಗೆ ಫೈಲ್ ಮಾಡುತ್ತೇವೆ, ಮುಂದಿನ ಸಲ ಅವರು ಗಾರ್ಸೀಯಾ ಅನ್ನುತ್ತಾರೆ, ಫೈಲ್ ಇಲ್ಲ ಅಂತ ಹೊಸದು ತೆರೆಯುತ್ತೇವೆ. ಹೀಗೆ ಒಂದೇ ಮಗುವಿಗೆ ಎರಡು ದಾಖಲೆ. ಲಸಿಕೆಯ ವಿವರ ಒಂದರಲ್ಲಿ, ಅಲರ್ಜಿಯ ವಿವರ ಇನ್ನೊಂದರಲ್ಲಿ. ಮದುವೆಯಾದ ಮೇಲೂ ಹೆಂಗಸರು ಸಾಮಾನ್ಯವಾಗಿ ತಮ್ಮ ಹೆಸರೇ ಉಳಿಸಿಕೊಳ್ಳುವುದರಿಂದ ಅಪ್ಪ, ಅಮ್ಮ, ಮಗು ಮೂವರ ಹೆಸರೂ ಬೇರೆ ಬೇರೆ ಕಾಣಬಹುದು, ಅನುಮಾನ ಪಡಬೇಡಿ. "ಕ್ವಾಲ್ ಎಸ್ ಸು ಪ್ರಿಮೇರ್ ಅಪೆಯೀದೊ? ಈ ಎಲ್ ಸೆಗುಂದೊ?", ಮೊದಲ ಮನೆತನದ ಹೆಸರು ಯಾವುದು, ಎರಡನೆಯದು? ಎರಡನ್ನೂ ಬರೆದುಕೊಳ್ಳಿ. ತಾರೀಕಿನಲ್ಲಿ ಅವರು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತಾರೆ. ತಿಂಗಳು ಮೊದಲು ಬರೆಯುವ ಅಮೆರಿಕದ ಫಾರಂನಲ್ಲಿ 3/4 ಅಂತ ಕಂಡರೆ ತಿಂಗಳನ್ನು ಅಕ್ಷರದಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ನನ್ನದು ಕಸ್ಟಮರ್ ಸಪೋರ್ಟ್ ಕೆಲಸ. ಬಯೋಡೇಟಾದಲ್ಲಿ ಹಾಕಿಕೊಳ್ಳಲು ಯಾವ ಸರ್ಟಿಫಿಕೇಟ್ ಒಳ್ಳೆಯದು?

ಜಗತ್ತಿನ ಎಲ್ಲ ಕಡೆ ಗೊತ್ತಿರುವುದು ದೇಲೆ ಅನ್ನುವ ಸ್ಪ್ಯಾನಿಷ್ ಪರೀಕ್ಷೆ. ಅದನ್ನು ಸ್ಪೇನಿನ ಸರ್ಬಾಂತೆಸ್ ಸಂಸ್ಥೆ ನಡೆಸುತ್ತದೆ, ಶುರುವಿನ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ವರೆಗೆ ಆರು ಮಟ್ಟ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ. ಸಿಯೆಲೆ ಅಂತ ಇನ್ನೊಂದಿದೆ, ಕಂಪ್ಯೂಟರಿನಲ್ಲಿ ಬರೆಯುವುದು, ಐದು ವರ್ಷ ನಡೆಯುತ್ತದೆ. ಗ್ರಾಹಕರ ಜೊತೆ ಸ್ವತಂತ್ರವಾಗಿ ಮಾತಾಡುವ ಕೆಲಸಕ್ಕೆ ನಾಲ್ಕನೆಯ ಮಟ್ಟವಾದ ಬಿ2 ಗುರಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಈ ಯಾವ ಸರ್ಟಿಫಿಕೇಟೂ ನಿಮ್ಮನ್ನು ಆಸ್ಪತ್ರೆಯ ಇಂಟರ್‌ಪ್ರಿಟರ್ ಮಾಡುವುದಿಲ್ಲ, ಅದಕ್ಕೆ ಬೇರೆಯೇ ತರಬೇತಿ, ಬೇರೆಯೇ ಪರೀಕ್ಷೆ. ಕಲಿಯುವಾಗ ಮೊದಲು ಚಾಟ್ ಮತ್ತು ಈಮೇಲ್ ತೆಗೆದುಕೊಳ್ಳಿ, ಯೋಚಿಸಲು ಸಮಯ ಸಿಗುತ್ತದೆ. ಫೋನ್ ಕರೆ ಆಮೇಲೆ.

ಪ್ರಶ್ನೆ: ಗ್ವಾಟೆಮಾಲಾದಿಂದ ಬಂದ ಒಬ್ಬ ಹೆಂಗಸಿನ ಜೊತೆ ಎಷ್ಟು ನಿಧಾನವಾಗಿ ಸ್ಪ್ಯಾನಿಷ್ ಮಾತಾಡಿದರೂ ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು. ನನ್ನ ಉಚ್ಚಾರಣೆ ಅಷ್ಟು ಕೆಟ್ಟದಾಗಿದೆಯಾ?

ಉಚ್ಚಾರಣೆ ಇರಲಾರದು. ಅವರಿಗೂ ಸ್ಪ್ಯಾನಿಷ್ ಎರಡನೇ ಭಾಷೆ ಇದ್ದೀತು. ಗ್ವಾಟೆಮಾಲಾದಲ್ಲಿ ಕಿಚೆ, ಮಾಮ್, ಕೆಕ್ಚಿ ಅಂತ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. ಮೆಕ್ಸಿಕೋದಲ್ಲಿ ನಾವಾತ್ಲ್, ಮಿಸ್ತೆಕೊ, ಸಪೊತೆಕೊ. ಪೆರು, ಬೊಲಿವಿಯಾ ಕಡೆ ಕೆಚುವಾ. ಇವು ಸ್ಪ್ಯಾನಿಷ್‌ನ ಆಡುಮಾತುಗಳಲ್ಲ, ಸಂಬಂಧವೇ ಇಲ್ಲದ ಬೇರೆ ಭಾಷೆಗಳು. ಅಲ್ಲಿಂದ ಬಂದವರು ಅಂದ ಕೂಡಲೇ ಸ್ಪ್ಯಾನಿಷ್ ಇಂಟರ್‌ಪ್ರಿಟರ್‌ನ್ನು ಕೂರಿಸಿಬಿಡುತ್ತಾರೆ, ಈ ಹೆಂಗಸರು ಸಂಕೋಚದಿಂದ ತಲೆಯಾಡಿಸುತ್ತಾ ಕೂರುತ್ತಾರೆ. ಎಷ್ಟೋ ಜನ ತಮ್ಮ ಭಾಷೆಯ ಹೆಸರು ತಾವಾಗಿ ಹೇಳುವುದಿಲ್ಲ, ಹೇಳಿದ್ದಕ್ಕೆ ಹಿಂದೆ ಅವಮಾನ ಪಟ್ಟಿರುತ್ತಾರೆ. ಅದಕ್ಕೆ ನೀವೇ ಕೇಳಬೇಕು: "ಕೆ ಇದ್ಯೋಮಾ ಆಬ್ಲಾ ಎನ್ ಸು ಕಾಸಾ?", ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಸಮಾಧಾನದಿಂದ ಕೇಳಿ, ಉತ್ತರಕ್ಕೆ ಕಾಯಿರಿ. ಮಾಮ್ ಅಂದರೆ ಯಾವ ಊರಿನ ಮಾಮ್ ಅಂತಲೂ ಕೇಳಿ, ಊರಿನಿಂದ ಊರಿಗೆ ಅದು ಬಹಳ ಬದಲಾಗುತ್ತದೆ. ಆ ಭಾಷೆಗಳಿಗೂ ಫೋನಿನಲ್ಲಿ ಇಂಟರ್‌ಪ್ರಿಟರ್ ಸಿಗುತ್ತಾರೆ, ಆದರೆ ಮುಂಚೆ ಹೇಳಿಟ್ಟಿರಬೇಕಾಗುತ್ತದೆ. ಅವರ ಮುಂದಿನ ಭೇಟಿ ಯಾವಾಗ ಅಂತ ನೋಡಿ ಈಗಲೇ ಬುಕ್ ಮಾಡಿಸಿ, ಭಾಷೆಯ ಹೆಸರು ಮತ್ತು ಊರಿನ ಹೆಸರು ಎರಡನ್ನೂ ಫೈಲಿನ ಮೊದಲ ಪುಟದಲ್ಲಿ ಬರೆದಿಡಿ.